ತೋಫಾದ ಮೊಕದ್ದಮೆ

"ನಮ್ಮವ್ವನ ಮಾತು ಬಲ್ಲವರು ಈ ನಾಡಾಗ ಇನ್ನ ಯಾರದಾರ?"

ಮುಕ್ತಾಬಾಯಿ ಕೇಳಿದ್ದು ಯಾರನ್ನೂ ಅಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು, ಎಡಗೈಯಲ್ಲಿ ಹುಮನಾಬಾದಿನ ಕೋರ್ಟಿನ ನೋಟೀಸಿತ್ತು.

ಅದು ಅರವತ್ತೆಂಟನೆಯ ಇಸವಿ. ರಾಜೇಶ್ವರದಿಂದ ತಾಲೂಕು ಬೋರ್ಡಿಗೆ ನಿಂತು ಆಕೆ ಮೂವತ್ತೊಂದು ಓಟಿನಿಂದ ಗೆದ್ದು ಇನ್ನೂ ತಿಂಗಳು ತುಂಬಿರಲಿಲ್ಲ. ಸೋತವನು ಅಡತಿ ಅಂಗಡಿಯ ಸಾಹುಕಾರ ಬಸವಣಪ್ಪ. ಅವನು ದಾವೆ ಹೂಡಿದ್ದ. ಅವನ ತಕರಾರು ಇಷ್ಟು: ಮುಕ್ತಾಬಾಯಿ ಪ್ರತಿಯೊಂದು ಸಭೆಯ ಕೊನೆಗೂ ಜನರಿಗೆ ಕೈಮುಗಿದು 'ತೋಫಾ' ಎಂದಿದ್ದಾಳೆ. ತೋಫಾ ಎಂದರೆ ಉಡುಗೊರೆ ಎಂಬುದು ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಆಸೆ ತೋರಿಸಿ ತಂದ ಓಟು ಓಟಲ್ಲ, ಆಯ್ಕೆ ರದ್ದಾಗಬೇಕು.

ಅಂದದ್ದೇನೋ ನಿಜ. ಆದರೆ ಅದು ಉಡುಗೊರೆ ಎಂಬ ಉರ್ದು ಮಾತಲ್ಲ.

ಆಕೆಯ ತಂದೆ ದಿಗಂಬರ ಹರೆಯದಲ್ಲಿ ಮುಂಬಯಿಗೆ ಹೋಗಿ ಹಡಗಿನ ಅಡಿಗೆಯವನಾದ. ಸಮೋವಾ ಎಂಬ ದೂರದ ದ್ವೀಪದಲ್ಲಿ ಇಳಿದು ಮೂರು ವರ್ಷ ಅಲ್ಲೇ ನಿಂತ. ತಿರುಗಿ ಬರುವಾಗ ಸೀನಾ ಎಂಬ ಹೆಂಡತಿ, ಆಕೆಯ ಕಂಕುಳಲ್ಲಿ ಮುಕ್ತಾ. "ಸೀನಾ ಅಂದ್ರ ಗಂಡಸಿನ ಹೆಸರೋ, ನೆಗಡಿ ಹೆಸರೋ?" ಎಂದು ಓಣಿಯೆಲ್ಲ ನಕ್ಕಿತು. ಅತ್ತೆ ಆಕೆಗೆ ಯಶೋದಾ ಎಂದು ಹೆಸರಿಟ್ಟು ಒಳಗೆ ಕರೆದುಕೊಂಡಳು. ಉಪ್ಪು ಕೇಳಲು ಬರುವುದಕ್ಕಿಂತ ಮುಂಚೆ ಆ ಹೆಣ್ಣುಮಗಳಿಗೆ ವಚನ ಬಂದವು. ಸಂಜೆ ಮಠದ ಜಗಲಿಯಲ್ಲಿ ಕೂತು, ಅರ್ಥ ಆಗದಿದ್ದರೂ ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ಕೇಳಿದವರ ಕಣ್ಣು ಒದ್ದೆಯಾಗುತ್ತಿದ್ದವು. ಕನ್ನಡ ಪೂರಾ ಕಲಿತ ಮೇಲೂ ತನ್ನ ನುಡಿಯ ಒಂದು ಮಾತನ್ನು ಮಾತ್ರ ಬಿಡಲಿಲ್ಲ. ನಾವು 'ಹೋಗಿ ಬರ್ರಿ' ಅನ್ನುವಲ್ಲಿ ಆಕೆ 'ತೋಫಾ' ಅನ್ನುತ್ತಿದ್ದಳು. ಕಲ್ಯಾಣಿ ಬಸವಕಲ್ಯಾಣವಾದ ಐವತ್ತಾರರಲ್ಲಿ, ಕಣ್ಣು ಮುಚ್ಚುವಾಗ ಮಗಳ ಕೈಹಿಡಿದು ಅಂದದ್ದೂ ಅದನ್ನೇ. ಅಂದಿನಿಂದ ಆ ಮಾತು ಮಗಳ ಬಾಯಿಗೆ ಬಂತು.

ತಾಯಿಯ ಭಾರೀ ಮೈಕಟ್ಟೂ ಆಕೆಗೆ ಬಂದಿತ್ತು. ರಾಜೇಶ್ವರದಲ್ಲಿ ಬಸ್ಸು ನಿಲ್ಲುವುದಿಲ್ಲ ಎಂದು ಕಂಡಕ್ಟರ್ ಹೇಳಿದ ದಿನ ಆಕೆ ರಸ್ತೆಯ ನಡುವೆ ನಿಂತಳು, ಬಸ್ಸು ನಿಂತಿತು. ಮರುದಿನದಿಂದ ತಾನಾಗಿಯೇ ನಿಲ್ಲತೊಡಗಿತು. ಹೆಂಗಸರು ಆಕೆಯನ್ನು ಚುನಾವಣೆಗೆ ನಿಲ್ಲಿಸಿದ್ದು ಆ ಮೇಲೆಯೇ. "ದರ್ಯಾ ದಾಟಿ ಹಡಗಿನ್ಯಾಗ ಬಂದಾಕಿಗಿ ಓಟು ಯಾಕ?" ಎಂದು ಬಸವಣಪ್ಪನ ಕಡೆಯವರು ಸಾರಿದರೂ ಓಟು ಬಿದ್ದವು.

ಈಗ ಆಕೆಯ ವಕೀಲರು ಆ ಮಾತಿನ ಅರ್ಥಕ್ಕೆ ಸಾಕ್ಷಿ ಬೇಕೆಂದಿದ್ದರು. ಸಮೋವಾಕ್ಕೆ ಕಾಗದ ಬರೆದರೆ ಉತ್ತರ ಬರುವುದು ಯಾವ ಕಾಲಕ್ಕೋ. ತಂದೆಯೂ ಬದುಕಿರಲಿಲ್ಲ.

ಅಂದು ಬಳೆ ಮಾರುವ ಮುದುಕಿ ಹಜಿರಾ ಬೀ ಬುಟ್ಟಿ ಇಳಿಸಿ ಕೂತವಳು ಸಂಗತಿ ಕೇಳಿ, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆ ತೋಫಾ ತನಗೆ ಗೊತ್ತೆಂದಳು. ಕೋರ್ಟಿಗೆ ತಾನೇ ಬರುವೆನೆಂದಳು.

ಹುಮನಾಬಾದಿನ ಕೋರ್ಟು ತುಂಬಿತ್ತು. ತೋಫಾ ಎಂದರೆ ಏನೆಂದು ಬಲ್ಲೆಯಾ ಎಂದು ಬಸವಣಪ್ಪನ ವಕೀಲ ಮುದುಕಿಯನ್ನು ಕೇಳಿದ.

"ವಕೀಲ್ ಸಾಬ್, ನನಗ ನೀವು ಉರ್ದು ಕಲಸ್ತೀರೇನು?" ಎಂದು ಹಜಿರಾ ಬೀ ಮುನ್ಸೀಫರ ಕಡೆ ತಿರುಗಿದಳು. "ಮೊದಲನೇ ದಿನ ಈಕಿ ಅವ್ವಗ ಬಳಿ ಇಡಿಸಿ ಎದ್ದೆರಿ. ತೋಫಾ ಅಂದಳು. ಖುಷಿಲಿಂದ ಬಾಗಿಲದಾಗ ನಿಂತೆ. ಆಕೀನೂ ನಿಂತಳು. ನಾ ಹೋಗಲಿ ಅಂತ ಆಕಿ ಕಾಯಾಕತ್ತಾಳ, ಆಕಿ ಕೊಡಲಿ ಅಂತ ನಾ ಕಾಯಾಕತ್ತೀನಿ. ಬಿಸಲು ನೆತ್ತಿಗಿ ಬಂತು. ಇಪ್ಪತ್ತು ವರ್ಷ ಅಂದಳ್ರಿ ಸಾಬ್, ಒಂದು ಸೂಜಿ ಸೈತ ಕೈಯಾಗ ಇಡಲಿಲ್ಲ."

ಕೋರ್ಟು ನಕ್ಕಿತು. ಮುನ್ಸೀಫರು ಮಾತ್ರ ನಗದೆ, ಬಸವಣಪ್ಪನ ಸಾಕ್ಷಿಯಾಗಿ ಬಂದಿದ್ದ ರೈತ ಸಂಗಪ್ಪನನ್ನು ಕರೆಸಿದರು. ಈಕೆ ಸಭೆಯಲ್ಲಿ ತೋಫಾ ಅಂದಾಗ ನೀವೆಲ್ಲ ಏನು ಮಾಡಿದಿರಿ ಎಂದು ಕೇಳಿದರು.

ಸಂಗಪ್ಪ ಸಾಹುಕಾರನ ಮುಖ ನೋಡಿದ, ನೆಲ ನೋಡಿದ. ಪ್ರಮಾಣ ಮಾಡಿ ನಿಂತಿದ್ದ.

"ಧೋತರ ಝಾಡಿಸಿಕೊಂಡು ಎದ್ದು ಮನಿಗಿ ಹೋದ್ವಿರಿ."

ಅಲ್ಲಿಗೆ ದಾವೆ ಮುಗಿಯಿತು. ಸಂಜೆಯ ಬಸ್ಸು ರಾಜೇಶ್ವರಕ್ಕೆ ಬಂದಾಗ ಹಲಗೆ ಬಡಿಯುತ್ತಿದ್ದರು, ಹೆಂಗಸರು ಆರತಿ ಹಿಡಿದಿದ್ದರು. ಮುಕ್ತಾಬಾಯಿ ಮೊದಲು ಹಜಿರಾ ಬೀಯನ್ನು ಇಳಿಸಿ, ತನಗೆ ತಂದ ಹಾರವನ್ನು ಆಕೆಯ ಕೊರಳಿಗೆ ಹಾಕಿದಳು. ಬಸ್ಸು ಹೊರಟಾಗ ಊರಿಗೂರೇ ಕೈಯೆತ್ತಿ "ತೋಫಾ" ಎಂದಿತು. ಕಂಡಕ್ಟರನೂ ತಿರುಗಿ ಅಂದ.

ಮುಂದಿನ ಹತ್ತು ವರ್ಷ ಆಕೆ ಮನೆಯಲ್ಲಿ ಕೂತದ್ದು ಕಡಿಮೆ. ಕೊಹಿನೂರದ ರಸ್ತೆಗೆ ಖಡಿಕಲ್ಲು ಬಿತ್ತು. ಮೂರು ತಾಂಡಾಗಳಿಗೆ ಬಾವಿಯಾದವು. ಹೆಣ್ಣುಮಕ್ಕಳ ಸಾಲೆಗೆ ಮಾಡು ಬಂತು. ಎಪ್ಪತ್ತೆಂಟರ ಚುನಾವಣೆಯಲ್ಲಿ ರಾಜೇಶ್ವರದಲ್ಲಿ ಆಕೆಯ ಎದುರು ಒಬ್ಬರೂ ಅರ್ಜಿ ಹಾಕಲಿಲ್ಲ. ಬಸವಣಪ್ಪ ಬೇರೆ ಊರಿಂದ ನಿಂತು ಗೆದ್ದು ಬಂದ. ಬೋರ್ಡಿನ ಹನ್ನೊಂದು ಮಂದಿ ಸದಸ್ಯರಲ್ಲಿ ಆರು ಜನ ಮುಕ್ತಾಬಾಯಿಯೇ ಅಧ್ಯಕ್ಷೆ ಆಗಬೇಕೆಂದರು. ಆಕೆ ಅರ್ಜಿ ಹಾಕಿದಳು, ಬಸವಣಪ್ಪನೂ ಹಾಕಿದ.

ಅಧ್ಯಕ್ಷರನ್ನು ಆರಿಸುವ ದಿನ ಬೆಳಿಗ್ಗೆ, ಬಸವಕಲ್ಯಾಣದ ಬೋರ್ಡ್ ಕಚೇರಿಯ ಪಡಸಾಲೆಯಲ್ಲಿ, ಬಸವಣಪ್ಪ ತಾನಾಗಿಯೇ ಬಂದು ಆಕೆಯ ಪಕ್ಕದ ಬೆಂಚಿನ ಮೇಲೆ ಕೂತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ತಂಗೀ, ಅರ್ಜಿ ಹಿಂದಕ್ಕ ತಗೊ. ನನಗೂ ವಯಸ್ಸಾತು, ಇದೊಂದು ಸಲ ನನಗ ಬಿಡು. ಕೆಲಸೆಲ್ಲಾ ನೀನೇ ಮಾಡು, ನಾ ಅಡ್ಡ ಬರಂಗಿಲ್ಲ. ಹೆಸರು ಮಾತ್ರ ಈ ಮಣ್ಣಾಗ ಹುಟ್ಟಿದವರದು ಇರಲಿ. ನೋಡವರಿಗಿ ಚಂದ ಕಾಣತದ."

ಮುಕ್ತಾಬಾಯಿ ಜವಾನನನ್ನು ಕರೆದು ಚಹಾ ತರಿಸಿದಳು. ಕಪ್ಪು-ಬಸಿ ತನ್ನ ಕೈಯಾರೆ ಸಾಹುಕಾರನ ಮುಂದೆ ಹಿಡಿದಳು.

"ಚಹಾ ತಗೋರಿ ಸಾಹುಕಾರ್ರ," ಎಂದಳು. "ಅರ್ಜಿ ತಗಿಯಂಗಿಲ್ಲ."