ಆರು ಹೊಸ ರಾಟೆಗಳು

ವಿಮಾನಕ್ಕೆ ಐವತ್ತೆರಡು ವರ್ಷ, ಅದನ್ನು ರಿಪೇರಿ ಮಾಡುವವನಿಗೆ ಐವತ್ತೇಳು. ನಾಲ್ಕು ಸೀಟಿನ ಪುಟ್ಟ ವಿಮಾನ. ಒಡೆಯರು ಹಲ್ಲಿನ ಡಾಕ್ಟರು. ಭಾನುವಾರ ಬಂದು ಒಂದು ಗಂಟೆ ಹಾರಾಡಿ, ಕೆಳಗಿಳಿದು, "ಮೇಸ್ತ್ರಿ, ವಾರವೆಲ್ಲ ಜನರ ಬಾಯೊಳಗೆ ನೋಡಿದ ಕಣ್ಣು ತೊಳೆದ ಹಾಗಾಯಿತು" ಎಂದು ಹೇಳಿ ಹೋಗುತ್ತಿದ್ದರು. ಹೋದ ತಿಂಗಳು ಹಾಗನ್ನಲಿಲ್ಲ.

"ಎಡಕ್ಕೆ ತಿರುಗಿಸಿದರೆ ಯಾರೋ ಕೈ ಹಿಡಿದು ಎಳೆದ ಹಾಗಾಗುತ್ತೆ" ಎಂದರು. ಅವನು ಮುಖ ನೋಡಿದಾಗ ಅದೇ ಮಾತನ್ನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು.

ವಿಮಾನನಿಲ್ದಾಣದ ಆ ಮೂಲೆಯಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ತಗಡಿನ ದೊಡ್ಡ ಶೆಡ್ಡು, ಒಂದು ಮೇಜು, ಗೋಡೆಗೆ ತೂಗುಹಾಕಿದ ಸ್ಪ್ಯಾನರುಗಳು. ಕೆಲಸಗಾರ ಅವನೊಬ್ಬನೇ. ಸೀಟುಗಳನ್ನು ಕಳಚಿ, ನೆಲದ ತಗಡು ಬಿಚ್ಚಿ, ಟಾರ್ಚು ಹಿಡಿದು ನೋಡಿದ. ಪೈಲಟ್ ಹಿಡಿಯುವ ಚಕ್ರದಿಂದ ಹೊರಟ ಉಕ್ಕಿನ ತಂತಿ ನೆಲದಡಿ ಹಾದು, ಬಾಗಿಲ ಕಂಬದೊಳಗೆ ಮೇಲೇರಿ, ರೆಕ್ಕೆಯೊಳಗೆ ನುಗ್ಗಿ, ರೆಕ್ಕೆಯ ಹಿಂದಂಚಿನ ಪಟ್ಟಿಯನ್ನು ಎತ್ತಿ ಇಳಿಸುತ್ತದೆ. ಅದು ತಿರುಗುವ ಪ್ರತಿ ಮೂಲೆಗೂ ಬಿಸ್ಕತ್ತಿನಷ್ಟು ಅಗಲದ ಒಂದು ರಾಟೆ. ಬಾವಿಯ ರಾಟೆಯಾದರೆ ಕಿರುಗುಟ್ಟಿ ಊರಿಗೆಲ್ಲ ಹೇಳುತ್ತದೆ. ಇವು ಬಾಯಿ ಬಿಟ್ಟಿರಲಿಲ್ಲ. ಆರು ರಾಟೆಗಳ ಬೇರಿಂಗು ಹಿಡಿದುಹೋಗಿ, ತಿರುಗದ ರಾಟೆಯ ಮೇಲೆ ತಂತಿ ಉಜ್ಜಿ ಉಜ್ಜಿ ಒಂದು ಮಗ್ಗುಲು ಚಪ್ಪಟೆಯಾಗಿತ್ತು.

ಹೊಸವು ಬರಲು ಮೂರು ವಾರ ಹಿಡಿಯಿತು. ಹಾಕಲು ಎರಡು ದಿನ. ತಂತಿಯ ಬಿಗಿ ಸಡಿಲಿಸಿ, ಒಂದೊಂದೇ ಬೋಲ್ಟು ತೆಗೆದು, ಹಳೆಯದನ್ನು ಬಿಡಿಸಿ ಹೊಸದನ್ನು ಕೂರಿಸಿದ. ತಂತಿ ರಾಟೆಯ ತೋಡಿನಿಂದ ಜಾರಬಾರದೆಂದು ಪಕ್ಕದಲ್ಲಿ ಒಂದು ಪಿನ್ನು ಕಾವಲಿರುತ್ತದೆ. ಅದನ್ನೂ ಹೊಸದೇ ಹಾಕಿದ. ಐದು ರಾಟೆ ಕಣ್ಣೆದುರೇ ಇದ್ದವು. ಆರನೆಯದು ಬಾಗಿಲ ಕಂಬದ ನೆತ್ತಿಯಲ್ಲಿ, ಎರಡು ಬೆರಳು ಮಾತ್ರ ಹೋಗುವ ಸಂದಿಯಲ್ಲಿತ್ತು. ಅದನ್ನು ಬೆರಳ ತುದಿಯ ಅಂದಾಜಿನಲ್ಲೇ ಕೂರಿಸಿದ. ಮೂವತ್ತು ವರ್ಷದಿಂದ ಹಾಗೆಯೇ ಕೂರಿಸುತ್ತಿದ್ದ. ಕೊನೆಗೆ ಅಳತೆಯ ಉಪಕರಣ ಹಚ್ಚಿ ಬಿಗಿ ನೋಡಿದ. ಸರಿಯಾಗಿತ್ತು.

ಇನ್ನು ಉಳಿದದ್ದು ಒಬ್ಬನಿಂದ ಆಗದ ಕೆಲಸ. ಒಬ್ಬರು ಒಳಗೆ ಕೂತು ಚಕ್ರ ತಿರುಗಿಸಬೇಕು, ಇನ್ನೊಬ್ಬರು ಹೊರಗೆ ನಿಂತು ಎಡಕ್ಕೆಂದರೆ ಎಡಪಟ್ಟಿ ಮೇಲೇಳುತ್ತದೆಯೇ, ಬಲಪಟ್ಟಿ ಇಳಿಯುತ್ತದೆಯೇ ನೋಡಬೇಕು. ಶನಿವಾರ ಬೆಳಿಗ್ಗೆ ಬೇರೆ ನಿಲ್ದಾಣದಿಂದ ಇನ್‌ಸ್ಪೆಕ್ಟರು ಬಂದು ತಮ್ಮ ಕಣ್ಣಿಂದಲೂ ನೋಡಿ ಸಹಿ ಹಾಕುವವರಿದ್ದರು. ಚುಕ್ಕಾಣಿಯ ಕೆಲಸಕ್ಕೆ ಎರಡು ಸಹಿ ಬೇಕೇ ಬೇಕು. ಅದಕ್ಕೆ ಮುಂಚೆ ತಾನೊಮ್ಮೆ ನೋಡದೆ ಯಾರ ಮುಂದೂ ಇಡುವ ಜಾಯಮಾನ ಅವನದಲ್ಲ.

ಇಷ್ಟು ವರ್ಷ ಒಳಗೆ ಕೂರುತ್ತಿದ್ದದ್ದು ಅಕ್ಕ. ಅಂಚೆ ಕಚೇರಿಯ ಕೌಂಟರಿನ ಕೆಲಸ ಮುಗಿಸಿ, ಊಟದ ಡಬ್ಬಿ ಹಿಡಿದು ಬಂದು, ಕನ್ನಡಕ ಸರಿಮಾಡಿಕೊಂಡು ಚಕ್ರದ ಮುಂದೆ ಕೂತು, "ಎಲ್ಲಿಗೆ ಹೋಗೋಣಪ್ಪ?" ಎನ್ನುತ್ತಿದ್ದಳು. ಅವಳೂ ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಒಂದೇ ಮನೆಯಲ್ಲಿ ಇಪ್ಪತ್ತಾರು ವರ್ಷ. ಹೋದ ವರ್ಷ, ಅರವತ್ತೊಂದು ತುಂಬಿದ ಮೇಲೆ, ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದು ನಿವೃತ್ತರಾದ ಒಬ್ಬರನ್ನು ಮದುವೆಯಾಗುತ್ತೇನೆ ಎಂದಳು. ಅವನು, "ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಅಂದುಬಿಟ್ಟ. ಮದುವೆಯ ದಿನ ಎಂಜಿನ್ ಒಂದು ಅರ್ಜೆಂಟಿದೆ ಎಂದು ಅವನು ಹೋಗಲಿಲ್ಲ. ಯಾವ ಎಂಜಿನ್ನೂ ಇರಲಿಲ್ಲ. ಆ ದಿನವೆಲ್ಲ ಶೆಡ್ಡು ಗುಡಿಸಿದ. ಅಂದಿನಿಂದ ಒಂಬತ್ತು ತಿಂಗಳು ಇಬ್ಬರ ನಡುವೆ ಮಾತಿಲ್ಲ.

ಗುರುವಾರ ಒಬ್ಬನೇ ಪ್ರಯತ್ನಿಸಿದ. ಚಕ್ರವನ್ನು ಎಡಕ್ಕೆ ತಿರುಗಿಸಿ ಹಗ್ಗದಿಂದ ಕಟ್ಟಿ, ಇಳಿದು ಓಡಿ ರೆಕ್ಕೆ ನೋಡಿದ. ಮತ್ತೆ ಹತ್ತಿ, ಬಿಚ್ಚಿ, ಬಲಕ್ಕೆ ಕಟ್ಟಿ, ಮತ್ತೆ ಇಳಿದ. ಏಳೆಂಟು ಸಲ ಹತ್ತಿಳಿದಾಗ ಮೊಣಕಾಲು ಬೇಡವೆಂದಿತು. ನಿಂತ ಪಟ್ಟಿ ಕಾಣುತ್ತಿತ್ತೇ ಹೊರತು ಚಲಿಸುವ ಪಟ್ಟಿ ಕಾಣುತ್ತಿರಲಿಲ್ಲ. ರೆಕ್ಕೆಯ ನೆರಳಲ್ಲಿ ಕೂತು ಫೋನ್ ತೆಗೆದ.

"ಯಾರು?" ಎಂದಳು ಅಕ್ಕ.

"ನಾನು."

"ಅದು ಗೊತ್ತಾಯ್ತು. ಏನು ಅಂತ ಹೇಳು."

"ಚಕ್ರ ತಿರುಗಿಸೋಕೆ ಯಾರೂ ಇಲ್ಲ."

ಆ ಕಡೆಯಿಂದ ಏನೋ ಮೆಲ್ಲನೆಯ ಮಾತು ಬಂತು. ಅವನಿಗೆ ತಿಳಿಯಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಏನಂದೆ?"

"ನಾಳೆ ಹನ್ನೊಂದಕ್ಕೆ ಬರ್ತೀನಿ ಅಂದೆ. ಕಿರುಚಬೇಡ."

ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಬಂದಳು. ಕೂದಲು ಗಿಡ್ಡ ಮಾಡಿಸಿದ್ದಳು. ಅದನ್ನು ಕೇಳಬೇಕೆಂದುಕೊಂಡವನು, "ಕಾಲು ನೋಡಿಕೊಂಡು ಹತ್ತು, ನೆಲದ ತಗಡು ಬಿಚ್ಚಿದೆ" ಎಂದ. ಅವಳು ಹತ್ತಿ ಕೂತು ಚಕ್ರ ಹಿಡಿದಳು. ಎಲ್ಲಿಗೆ ಹೋಗೋಣ ಎಂದು ಕೇಳಲಿಲ್ಲ.

"ಎಡಕ್ಕೆ" ಎಂದ. ಎಡಪಟ್ಟಿ ಎದ್ದಿತು. "ಬಲಕ್ಕೆ." ಇಳಿಯಿತು. ಪಟ್ಟಿಗಳು ನೀರಿನಲ್ಲಿ ಮೀನು ಹೊರಳಿದಷ್ಟು ಸಲೀಸಾಗಿ ಆಡಿದವು. ಅವನಿಗೆ ತೃಪ್ತಿಯಾಯಿತು. "ಆಯ್ತು, ಇಳಿ" ಎಂದ.

ಅವಳು ಇಳಿಯಲಿಲ್ಲ. "ಇದೇನೋ ಕರಕರ ಅಂತಿದೆಯಲ್ಲ?"

"ಏನೂ ಇಲ್ಲ."

"ಇದೆ ಕಣೋ. ನನ್ನ ಭುಜದ ಹತ್ತಿರಾನೇ. ಇಲಿ ಕಾಗದ ಕಡಿದ ಹಾಗೆ."

ಅವನು ಒಳಗೆ ತಲೆ ಹಾಕಿದ. ಅವಳು ತಿರುಗಿಸಿದಳು. ಅವನಿಗೆ ಏನೂ ಕೇಳಿಸಲಿಲ್ಲ. ಕಂಬಕ್ಕೆ ಕಿವಿಯಿಟ್ಟ. ಆಗಲೂ ಇಲ್ಲ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಅಂಗೈ ಹಿಡಿದು ಕಂಬದ ಮೇಲೆ ಒತ್ತಿ, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿದಳು. ತಗಡಿನಡಿಯಲ್ಲಿ ಸಣ್ಣಗೆ ಏನೋ ನಡುಗಿತು.

ಸಣ್ಣ ಕನ್ನಡಿಯನ್ನು ಕಡ್ಡಿಗೆ ಕಟ್ಟಿ ಸಂದಿಯೊಳಗೆ ತೂರಿಸಿ ನೋಡಿದ. ಆರನೆಯ ರಾಟೆ. ತಂತಿ ತೋಡಿನಲ್ಲಿರದೆ ಕಾವಲಿನ ಪಿನ್ನಿನ ಮೇಲೆಯೇ ಹತ್ತಿ ಕೂತು, ಪ್ರತಿ ತಿರುವಿಗೂ ಅದನ್ನು ಉಜ್ಜುತ್ತಿತ್ತು. ಎರಡು ದಿನಕ್ಕೇ ಪಿನ್ನು ಬೆಳ್ಳಗೆ ಹೊಳೆಯುತ್ತಿತ್ತು. ಹೀಗೇ ಬಿಟ್ಟಿದ್ದರೆ ತಂತಿಯ ಒಂದೊಂದೇ ಎಳೆ ಕಡಿಯುತ್ತಾ ಹೋಗಿ, ಯಾವುದೋ ಭಾನುವಾರ ಡಾಕ್ಟರು ಮೋಡದ ಪಕ್ಕ ತಿರುಗುವಾಗ... ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಎಷ್ಟು ದಿನದಿಂದ ಕೇಳಿಸ್ತಿಲ್ಲ?" ಎಂದಳು ಅಕ್ಕ.

"ಗೊತ್ತಿಲ್ಲ. ಮನೇಲಿ ಮಾತಾಡೋರು ಯಾರೂ ಇಲ್ಲ, ಹೇಗೆ ಗೊತ್ತಾಗಬೇಕು?"

ಮಾತು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

ಮತ್ತೆ ಬಿಗಿ ಸಡಿಲಿಸಿ, ಕನ್ನಡಿಯಲ್ಲಿ ನೋಡುತ್ತಲೇ ತಂತಿಯನ್ನು ತೋಡಿಗೆ ಕೂರಿಸಿ, ಬೇರೆ ಪಿನ್ನು ಹಾಕುವಷ್ಟರಲ್ಲಿ ಮೂರು ಗಂಟೆಯಾಯಿತು. ಉಜ್ಜಿದ ಜಾಗದಲ್ಲಿ ತಂತಿಯ ಎಳೆ ಕಡಿದಿದೆಯೇ ಎಂದು ಬಟ್ಟೆ ಸವರಿ ಪರೀಕ್ಷಿಸಿದ. ಬಟ್ಟೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಕ್ಕ ಚಕ್ರ ತಿರುಗಿಸಿ, ತಲೆಯಾಡಿಸಿ, "ಈಗಿಲ್ಲ" ಎಂದಳು. ಅವನು ನಂಬಿದ. ನಂಬದೆ ಬೇರೆ ದಾರಿಯಿರಲಿಲ್ಲ.

"ಊಟ ಮಾಡಿಕೊಂಡು ಹೋಗು. ಮನೆಗೆ ಹೋಗೋಣ."

"ಇಲ್ಲಪ್ಪ. ಅವರು ಗೇಟಿನ ಹತ್ತಿರ ಕೂತಿದ್ದಾರೆ."

"ಯಾರು?"

"ಯಾರು ಅಂದರೆ? ನಿನ್ನ ಭಾವ."

"ಬೆಳಿಗ್ಗೆಯಿಂದ?"

"ನಾನು ಬಂದಾಗಿನಿಂದ."

ಅವನು ಕೈಯ ಗ್ರೀಸನ್ನು ಪೂರ್ತಿ ಒರೆಸಿಕೊಳ್ಳದೆ ಅವಳ ಜೊತೆ ನಡೆದ. ಗೇಟಿನ ಪಹರೆಯವನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ತೆಳ್ಳನೆಯ ಮನುಷ್ಯರೊಬ್ಬರು ಎದ್ದು ನಿಂತರು. ಕೈಯಲ್ಲಿ ಮಡಿಸಿದ ಪತ್ರಿಕೆಯಿತ್ತು.

"ಕೆಲಸ ಆಯ್ತಾ?" ಎಂದರು.

"ಆಯ್ತು. ಒಳಗೇ ಬರಬಹುದಿತ್ತಲ್ಲ."

"ಕರೆದಿದ್ದು ಇವಳನ್ನ ಅಲ್ವಾ" ಎಂದರು, ಮುನಿಸಿಲ್ಲದೆ. ಆಮೇಲೆ ಗಡಿಯಾರ ನೋಡಿ, "ಮೂರೂ ಇಪ್ಪತ್ತರ ಬಸ್ಸು ದಿನಾ ನಾಲ್ಕು ನಿಮಿಷ ತಡ" ಎಂದರು.

ಸರಿಯಾಗಿ ನಾಲ್ಕು ನಿಮಿಷ ತಡವಾಗಿ ಬಸ್ ಬಂತು. ಮದುವೆಯ ಮಾತಿಗೆ ಅಂದು ಹಾಗನ್ನಬಾರದಿತ್ತು ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಮೆಟ್ಟಿಲು ಹತ್ತಿ, ತಿರುಗಿ ಏನೋ ಹೇಳಿದಳು. ಎಂಜಿನ್ ಸದ್ದಿನಲ್ಲಿ ತುಟಿ ಆಡಿದ್ದಷ್ಟೇ ಕಂಡಿತು. ಅವನು ಕೇಳಿಸಿದವನಂತೆ ತಲೆಯಾಡಿಸಿದ. ಬಸ್ ಹೋಯಿತು.

ಮರುದಿನ ಇನ್‌ಸ್ಪೆಕ್ಟರು ಬಂದರು. ಅವನು ಪಿನ್ನಿನ ವಿಷಯ ಮುಚ್ಚಿಡಲಿಲ್ಲ. ಕೆಲಸದ ಪುಸ್ತಕದಲ್ಲಿ ಬರೆದೂ ಇದ್ದ. ಕಿವಿಯ ವಿಷಯವನ್ನೂ ಹೇಳಿದ. ಅವರು ಕನ್ನಡಿ ಹಾಕಿ ಆರೂ ರಾಟೆಗಳನ್ನು ನೋಡಿ, ಸಹಿ ಹಾಕಿ, "ಕಿವಿ ತೋರಿಸಿಕೊಳ್ಳೋ ತನಕ ಮುಂದಿನ ಕೆಲಸ ಹಿಡಿಯಬೇಡಿ ಮೇಸ್ತ್ರಿ" ಎಂದರು. ಅವನೂ ಅದೇ ನಿರ್ಧಾರ ಮಾಡಿದ್ದ.

ಎರಡು ವಾರದ ಮೇಲೆ ಕಿವಿಯ ಡಾಕ್ಟರು ಹುಣಸೆಬೀಜದಷ್ಟು ಸಾಧನವನ್ನು ಕಿವಿಗೆ ಸಿಕ್ಕಿಸಿ ಕಳಿಸಿದರು. ಬೀದಿಯಲ್ಲಿ ಎಲ್ಲವೂ ಒಟ್ಟಿಗೆ ಮೈಮೇಲೆ ಬಿತ್ತು: ಬ್ರೇಕು, ಚಪ್ಪಲಿ, ಯಾರದೋ ಕೆಮ್ಮು. ಮನೆಗೆ ಬಂದು ಬಾಗಿಲು ಹಾಕಿದ. ಬೀಗದ ಕೊಂಡಿ ಅಷ್ಟು ಸದ್ದು ಮಾಡುತ್ತದೆಂದು ಅವನಿಗೆ ನೆನಪೇ ಇರಲಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದನ್ನು ಬಿಗಿಮಾಡಿದ. ತಟ್ಟೆ ಇಟ್ಟ ಸದ್ದು, ಕುರ್ಚಿ ಎಳೆದ ಸದ್ದು, ತಾನೇ ಅಗಿಯುವ ಸದ್ದು. ಅಕ್ಕನ ಕೋಣೆಯ ಬಾಗಿಲು ಗಾಳಿಗೆ ಒಮ್ಮೆ ಅಲುಗಿ ನಿಂತಿತು. ಅವನು ತುತ್ತನ್ನು ಕೈಯಲ್ಲೇ ಹಿಡಿದು ಕಾದ. ಮನೆ ಎಷ್ಟು ಖಾಲಿಯೆಂದು ಇಷ್ಟು ದಿನ ಅವನಿಗೆ ಸರಿಯಾಗಿ ಕೇಳಿಸಿರಲೇ ಇಲ್ಲ.

ಸಾಧನ ತೆಗೆದುಬಿಡೋಣವೆಂದು ಕಿವಿಗೆ ಕೈ ಹಾಕಿದ. ಆಮೇಲೆ, ಅಕಸ್ಮಾತ್ ಫೋನ್ ಬಂದರೆ ಎಂದು ಹಾಗೇ ಬಿಟ್ಟ. ಊಟ ಮುಗಿಸಿದ. ಫೋನ್ ಬರಲಿಲ್ಲ. ಕೈತೊಳೆದು ಬಂದು, ಮೇಜಿನ ಮುಂದೆ ಕೂತು, ತಾನೇ ಅಕ್ಕನ ನಂಬರ್ ಒತ್ತಿದ. ಭಾವನವರೇ ಎತ್ತಿದರು. ಅವರ ದನಿ ಇಷ್ಟು ಮೃದುವೆಂದು ಅವನಿಗೆ ಗೊತ್ತಿರಲಿಲ್ಲ.