ಇಂಗುಗುಂಡಿಗೆ ಕುಂಕುಮ ಹಚ್ಚಿದ ಗುರುಬಸವ್ವ

ಗುರುಬಸವ್ವನ ಮನೆಯಲ್ಲಿ ನೀರು ಕುಡಿಯದೆ ಮಾತಾಡಿದವರು ಯಾರೂ ಇಲ್ಲ. ಸಮನ್ಸು ಹಿಡಿದು ಬಂದ ಕೋರ್ಟಿನ ಜವಾನನಿರಲಿ, ಕಬ್ಬಿನ ಟ್ರ್ಯಾಕ್ಟರು ಬದುವಿಗೆ ತಾಗಿತೆಂದು ಜಗಳಕ್ಕೆ ಬಂದ ನೆರೆಹೊಲದವನಿರಲಿ, ಮುಧೋಳ ನಾಯಿ ಬೆನ್ನತ್ತಿದ ಕಾರಣ ಹೇಳದೆ ಕೇಳದೆ ಒಳನುಗ್ಗಿದ ವಿಮಾ ಏಜೆಂಟನಿರಲಿ, ಅವನೆದುರು ಮೊದಲು ಬರುವುದು ತುಂಬಿದ ತಾಮ್ರದ ತಂಬಿಗೆ, ಜೊತೆಗೊಂದು ಬೆಲ್ಲದ ಚೂರು, ಅದರ ಬೆನ್ನಿಗೆ ಆಕೆಯ ಆಜ್ಞೆ: "ಮೊದಲ ನೀರ ಕುಡಿ. ಆಮ್ಯಾಲ ಬಾಯಿ ತಗಿ." ಬಾಯಿ ತೆಗೆಯದೆ ನೀರು ಕುಡಿಯುವುದು ಹೇಗೆಂದು ಕೇಳುವ ಧೈರ್ಯ, ಆಕೆಯ ಸ್ವಂತ ಅಕ್ಕನ ಮಗನಾದ ನನಗೂ ಇಂದಿನವರೆಗೆ ಬಂದಿಲ್ಲ.

ನನ್ನ ಈ ಚಿಗವ್ವನನ್ನು ದೂರದಿಂದ ಗುರುತಿಸಲು ಎರಡು ಲಕ್ಷಣ ಸಾಕು. ಒಂದು, ನಡಿಗೆ: ಎಡಗಾಲನ್ನು ನೆಲಕ್ಕೆ ಗುದ್ದಿ, ಬಲಗಾಲನ್ನು ಅದರ ಹಿಂದೆ ಕರೆದೊಯ್ಯುವ, ಸಾಕ್ಷಿಯನ್ನು ಕಟಕಟೆಗೆ ಎಳೆದೊಯ್ಯುವಂಥ ನಡಿಗೆ. ಇನ್ನೊಂದು, ಇಳಕಲ್ ಸೀರೆಯ ಮೇಲಿನ ಕರಿಕೋಟು. ಜಮಖಂಡಿಯಲ್ಲಿ ವಕೀಲಿ ಮಾಡುತ್ತಿದ್ದ ಆಕೆಯ ಗಂಡ, ನನ್ನ ಕಾಕಾ ರಾಮಲಿಂಗಪ್ಪ ತೀರಿಕೊಂಡ ಮೇಲೆ ಅವರ ಕೋಟನ್ನು ಯಾರಿಗೂ ಕೊಡಲೊಪ್ಪದೆ, ತೋಳು ಮಡಚಿ ತಾನೇ ತೊಟ್ಟು ಹೊಲಕ್ಕಿಳಿದವಳು ಈಕೆ. ಕೋರ್ಟು ಇಲ್ಲದ ಕೋಟು ಎಂದು ನಾನು ಚೇಷ್ಟೆ ಮಾಡಿದರೆ, "ಕೋರ್ಟು ನಾ ನಿಂತಲ್ಲೇ ಐತಿ ಬಾರಲೇ" ಎನ್ನುವಳು. ಆ ಕೋಟಿನ ಕಿಸೆಗಳಲ್ಲಿ ಹಿಂದೆ ದಾವೆಯ ಕಾಗದಗಳಿರುತ್ತಿದ್ದವು. ಈಗ ಬೆಲ್ಲ, ಮತ್ತು ಬೆಲ್ಲಕ್ಕೆ ಬಂದ ಇರುವೆ.

ಆಕೆಯ ಹೊಲವಿರುವುದು ಬೀಳಗಿ ಕಡೆ, ಕೃಷ್ಣೆಯ ಹಿನ್ನೀರಿಗೆ ತಾಗಿ. ಹೊಲದ ಮೂಲೆಯಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕುರಿ ಕಾಯುವ ಹಾಲುಮತದ ಲಗಮವ್ವನ ಮನೆಮಂದಿ ಗೊಬ್ಬರಕ್ಕೆಂದು ಅಲ್ಲಿ ಕುರಿ ನಿಲ್ಲಿಸುತ್ತಾರೆ, ಸುತ್ತ ಬಲೆ ಕಟ್ಟುತ್ತಾರೆ, ಬಾವಿಯ ದಂಡೆಗೆ ಡೇರೆ ಹಾಕುತ್ತಾರೆ. ಬೀರಪ್ಪನ ಒಕ್ಕಲಾದ ಆ ಜನ ತಲೆಮಾರುಗಳಿಂದ ಸದ್ದಿಲ್ಲದೆ ಮಾಡಿಕೊಂಡು ಬಂದದ್ದನ್ನೇ ಪಟ್ಟಣದವರು ಈಗ ಕ್ಯಾಂಪಿಂಗ್ ಎನ್ನುತ್ತಾರೆ.

ಆ ಪಟ್ಟಣದವರಿಗಾಗಿ ಪಕ್ಕದ ಹೊಲದ ದುಂಡೇಶ ಕಳೆದ ವರ್ಷ ಬೀಚ್ ಒಂದನ್ನು ತೆರೆದ. ನಮ್ಮಲ್ಲಿ ಸಮುದ್ರವಿಲ್ಲ ಎಂಬ ಕ್ಷುಲ್ಲಕ ಕೊರತೆ ಅವನನ್ನು ಬಾಧಿಸಲಿಲ್ಲ. ಎರೆಮಣ್ಣಿನ ದಂಡೆಗೆ ಲಾರಿಗಟ್ಟಲೆ ಉಸುಕು ಸುರಿಸಿ, ಬಣ್ಣದ ಛತ್ರಿ ನೆಟ್ಟು, ಸಾಲಾಗಿ ಟೆಂಟು ಹೊಡೆದ. ಶನಿವಾರ ಬಂತೆಂದರೆ ಜಮಖಂಡಿ, ಬನಹಟ್ಟಿ, ವಿಜಯಪುರಗಳ ಕಾರುಗಳು ದೂಳೆಬ್ಬಿಸತೊಡಗಿದವು. ಫಲಕ ಓದಿದ ಚಿಗವ್ವ ಅವನನ್ನು ತಡೆದು ಕೇಳಿದಳು: "ಬೀಚ ಅಂದ್ರ ನಡುವ ಅಲ್ಲೇನೋ? ಇದು ದಂಡಿ ಐತಲ್ಲೋ ದುಂಡ್ಯಾ!" ಹಿಂದಿ ಮರಾಠಿ ಕಲಬೆರಕೆಯ ನಮ್ಮ ಸೀಮೆಯಲ್ಲಿ ಇದು ನ್ಯಾಯವಾದ ಆಕ್ಷೇಪಣೆ. ನೀರು ಮಾತ್ರ, ಅವನು ಕೇಳಿದೊಡನೆ, ತನ್ನ ಬಾವಿಯಿಂದಲೇ ಒಯ್ಯಲು ಹೇಳಿದಳು.

ಟೆಂಟುಗಳ ಹಿಂದೆ, ಬಾವಿಗಿಂತ ತುಸು ಎತ್ತರದಲ್ಲಿ, ದುಂಡೇಶ ಸಿಮೆಂಟಿನ ಬಳೆಗಳನ್ನಿಳಿಸಿ ಆಳದ ಗುಂಡಿಗಳನ್ನು ತೋಡಿಸಿದ, ಮುಂದೆ ಹಲಗೆ ನಿಲ್ಲಿಸಿದ: 'ಇಂಗುಗುಂಡಿ'. ಮಳೆನೀರನ್ನು ಭೂಮಿಗೆ ಕುಡಿಸುವ ಇಂಗುಗುಂಡಿಯ ಮಹಿಮೆಯನ್ನು ನಮ್ಮ ಪಂಚಾಯತಿ ಆಗಲೇ ಊರಿನ ಗೋಡೆಗೋಡೆಗೂ ಬರೆಸಿತ್ತು. ನಮ್ಮಲ್ಲಿ ಆ ಪದಕ್ಕೆ ಪುಣ್ಯದ ಪರಿಮಳ ಅಂಟಿಕೊಂಡಿದೆ. ನೀರು ಕೊಡುವವಳಿಗೆ ನೀರು ಉಳಿಸುವವನು ಕಂಡನೆಂದು ಚಿಗವ್ವ ಉಬ್ಬಿಹೋದಳು. ಗುಂಡಿಯ ಬಾಯಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತನ್ನ ಬಾವಿಯ ನೀರನ್ನೇ ಸುರಿದು ಕೈಮುಗಿದಳು. ಪಂಚಾಯತಿಯವರು ಫೋಟೊ ತೆಗೆದು 'ಮಾದರಿ ಇಂಗುಗುಂಡಿ' ಎಂದು ಕಚೇರಿಯಲ್ಲಿ ತೂಗುಹಾಕಿದರು. ಇಂಗು ಮಜ್ಜಿಗೆಗೂ ಸೈ, ಮಣ್ಣಿಗೂ ಸೈ ಎಂದು ನಾನೂ ಅಲ್ಲಿಯೇ ನಿಂತು ಒಂದು ಹಾಸ್ಯ ಹಾರಿಸಿದ್ದೆ.

ಆ ಹಂಗಾಮಿನಲ್ಲಿ ಕುರಿಯೊಡನೆ ಬಂದ ಲಗಮವ್ವನ ಸೊಸೆ ರಂಜನಾ ಬಸುರಿ. ಬಸುರಿಗೆ ಹೊಳೆಯ ನೀರು ಬೇಡವೆಂದು ಚಿಗವ್ವ ದಿನವೂ ಬಾವಿಯಿಂದ ತಾನೇ ಸೇದಿ, ಅರಿವೆಯಲ್ಲಿ ಸೋಸಿ, ಬೆಲ್ಲ ಕೊಟ್ಟು ಕುಡಿಸಿದಳು. ಆ ಹುಡುಗಿಯ ಕಣ್ಣು ಹಳದಿಯಾಯಿತು. ಕಾಮಣಿ, ಅಂದರೆ ಕಾಮಾಲೆ, ಎಂದು ಮೊದಲು ನಾಟಿ ಔಷಧಿ ಹಾಕಿಸಿದರು, ಆಮೇಲೆ ಬಾಗಲಕೋಟೆಗೆ ಓಡಿದರು. ರಂಜನಾ ಉಳಿದಳು, ಹೊಟ್ಟೆಯ ಕೂಸು ಉಳಿಯಲಿಲ್ಲ. ಇದು ಹೊಲಸು ಸೇರಿದ ನೀರಿನಿಂದ ಬರುವ ರೋಗ, ಬಸುರಿಯರಿಗೆ ಘಾತಕ, ಎಲ್ಲಿಯ ನೀರು ಕುಡಿಸಿದಿರಿ ಎಂದು ವೈದ್ಯರು ಗದರಿದರೆ, ಲಗಮವ್ವ ಎದೆ ಸೆಟೆಸಿ ಹೇಳಿದಳಂತೆ: "ಹೊಲಸ ನೀರ ಯಾಕ ಕುಡಿಸೂಣ್ರಿ ಸಾಹೇಬ್ರ? ಅವ್ವಾರ ಕೈಯಾರೆ ಸೇದಿ ಕೊಟ್ಟಿದ್ದ ಬಾವಿ ನೀರ್ರಿ."

ಈ ಮಾತು ಚಿಗವ್ವನ ಕಿವಿಗೆ ಬಿದ್ದಾಗ ನಾನು ಅಲ್ಲಿದ್ದೆ. ಆಕೆ ಅಳಲಿಲ್ಲ. ಕೋಟು ತೊಟ್ಟು ನೇರ ದುಂಡೇಶನ ಉಸುಕಿಗೆ ನಡೆದಳು.

"ದುಂಡ್ಯಾ, ಆ ಗುಂಡಿಗೆ ಏನ ಹೋಗತೈತಿ?"

"ನೀರ ಹೋಗತೈತ್ರಿ ಕಾಕಿ."

"ಯಾವ ನೀರ?"

"ಎಲ್ಲಾ ನೀರ್ರಿ. ಜಳಕದ್ದು, ಪಾಯಖಾನಿದು…"

"ಇಂಗುಗುಂಡಿ ಅಂತ ಬರಿಸಿಯಲ್ಲೋ ಭಾಡ್ಯಾ!"

"ಇಂಗತೈತಲ್ರಿ ಮತ್ತ? ತಳಕ್ಕ ಸಿಮೆಂಟನ ಹಾಕಿಲ್ಲ. ಸುಳ್ಳ ಎಲ್ಲಿ ಬರಿಸೇನಿ?"

"ಮಳಿ ನೀರಂತ ತಿಳದ ಕುಂಕುಮ ಹಚ್ಚೇನಲ್ಲೋ, ಹೇಲಿನ ಗುಂಡಿಗೆ!"

"ನೀವ ಕೇಳಲಿಲ್ಲರಿ ಕಾಕಿ."

ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ 'ವಾಟರ್ ಸೈಕಲ್' ಕಲಿಸಿದ್ದರು: ಸಮುದ್ರ, ಮೋಡ, ಮಳೆ, ನದಿ, ಮತ್ತೆ ಸಮುದ್ರ. ದುಂಡೇಶನ ಸೈಕಲ್ಲು ಇದಕ್ಕಿಂತ ಸರಳ: ಟೆಂಟು, ಗುಂಡಿ, ನೆಲದೊಳಗಿನ ಬಿರುಕುಗಲ್ಲು, ಬಾವಿ, ಬಸುರಿ. ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದೆವು. ಕುಡಿಯಲು ಯೋಗ್ಯವಲ್ಲ ಎಂದು ಬಂತು. ದುಂಡೇಶ ತಕ್ಷಣ ಪರಿಹಾರ ಕಂಡುಕೊಂಡು ಅದನ್ನು ತಾನೇ ಬಂದು ತಿಳಿಸಿದ. "ಚಿಂತಿ ಬಿಡ್ರಿ ಕಾಕಿ. ಗೆಸ್ಟಿಗೆಲ್ಲಾ ಇನ್ನ ಕ್ಯಾನಿನ ನೀರ ತರಿಸ್ತೇನಿ."

"ಗುಂಡಿ?"

"ಗುಂಡಿ ಇರಲ್ರಿ, ತುಂಬಿಲ್ಲ ಇನ್ನೂ."

"ಕುರಿ ಮಂದಿ ಏನ ಕುಡೀಬೇಕೋ?"

"ಅವರೇನ ಗೆಸ್ಟ ಏನ್ರಿ?"

ತನ್ನ ಅಂಗಳಕ್ಕೆ ಬಂದ ಯಾರನ್ನೂ ಅತಿಥಿಯಲ್ಲ ಎಂದು ಎಣಿಸದವಳಿಗೆ ಇದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಪಂಚಾಯತಿಗೆ ಹೋದಳು, ತಾವೇ ಮಾದರಿ ಎಂದು ತೂಗುಹಾಕಿದ್ದನ್ನು ಮಾರಿ ಎನ್ನಲು ಅವರಿಗೆ ನಾಲಗೆ ಹೊರಳಲಿಲ್ಲ, ಬಂದು ನೋಡುತ್ತೇವೆಂದರು. ಯಾರೂ ಬರಲಿಲ್ಲ. ಆಗ ಆಕೆ ಬಾವಿಯ ಗಾಲಿ ಕಳಚಿಸಿದಳು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿಸಿದಳು, ಶನಿವಾರ ಬೀಚಿನ ದಾರಿಯ ನಡುವೆ ನಿಂತು ಬರುವ ಕಾರುಗಳಿಗೆಲ್ಲ ಅಡ್ಡ ಕೈ ಹಾಕಿದಳು.

"ಇಲ್ಲಿ ನೀರ ಕುಡೀಬ್ಯಾಡ್ರಿ! ಮಾರಿ ತೊಳಕೋಬ್ಯಾಡ್ರಿ!"

ಕಾರಿನ ಕಿಟಕಿ ಇಳಿಸಿದ ಹುಡುಗಿಯೊಬ್ಬಳು ಮೊಬೈಲು ಹಿಡಿದು, "ಆಂಟಿ, ಏನಿದು, ಸ್ಟ್ರೈಕಾ?" ಎಂದಳು.

"ಸ್ಟ್ರೈಕ ಅಲ್ಲವ್ವಾ ತಂಗಿ. ನೀ ಇಲ್ಲಿ ಪಾಯಖಾನಿಗಿ ಹೋದ್ರ ಅದು ನನ್ನ ಬಾವಿಗಿ ಬರತೈತಿ. ಅಷ್ಟ ಹೇಳಾಕ ನಿಂತೇನಿ."

ಇಷ್ಟು ಸ್ಪಷ್ಟವಾದ ವೈಜ್ಞಾನಿಕ ವಿವರಣೆಯನ್ನು ಯಾವ ಪಠ್ಯಪುಸ್ತಕವೂ ನನಗೆ ಕೊಟ್ಟಿರಲಿಲ್ಲ. ಆ ಕಾರು ತಿರುಗಿತು. ಅದರ ಹಿಂದಿನದು ತಿರುಗಲಿಲ್ಲ. ಹಾರ್ನು ಹೊಡೆದು, ಆಕೆಯ ಕೋಟಿಗೆ ದೂಳು ತೂರಿ, ಹಾಡು ಹಾಕಿಕೊಂಡು ಒಳಹೋಯಿತು. ಕಾಕಿಗೆ ತಲೆ ಕೆಟ್ಟಿದೆ ಎಂದು ದುಂಡೇಶ ಊರಲ್ಲೆಲ್ಲ ಹೇಳಿಕೊಂಡು ಬಂದ. ಆಕೆ ಮುಂದಿನ ಶನಿವಾರವೂ ನಿಂತಳು, ಅದರಾಚೆಯ ಶನಿವಾರವೂ. ಬರುವವರು ಕ್ರಮೇಣ ಕಡಿಮೆಯಾದಾಗ ಅವನಿಗೆ ಸಿಮೆಂಟಿನ ನೆನಪಾಯಿತು: ಗುಂಡಿಗಳನ್ನು ಬರಿದು ಮಾಡಿಸಿ, ಮುಚ್ಚಿದ ತೊಟ್ಟಿ ಕಟ್ಟಿಸಿದ. ಆದರೆ ನೆಲ ಒಮ್ಮೆ ಕುಡಿದದ್ದನ್ನು ಕಕ್ಕುವುದಿಲ್ಲ. ಮತ್ತೆ ಪರೀಕ್ಷೆ ಮಾಡಿಸಿದರೂ ಬಾವಿಯ ನೀರು ಅದೇ ಉತ್ತರ ಕೊಟ್ಟಿತು. ಚಪ್ಪಡಿ ಹಾಗೆಯೇ ಇದೆ.

ಈ ಸಲ ಕುರಿ ಬಂದಾಗ ರಂಜನಾ, ಇನ್ನೂ ಸೊರಗಿದ್ದವಳು, ಹಿತ್ತಿಲಿಗೆ ಬಂದು ಕೂತಳು. ಅವಳ ಹಣೆಯ ಬೆವರು ಕಂಡರೂ ಚಿಗವ್ವ ಏಳಲಿಲ್ಲ. ಹುಡುಗಿಯೇ ಮೆಲ್ಲಗೆ ಅಂದಳು: "ನೀರ ಕೊಡ್ರಿ ಅವ್ವಾರ. ನಿಮ್ಮ ಕೈಯಾಗಿಂದಂದ್ರ ನಾ ಯಾವದ ಇದ್ರೂ ಕುಡೀತೇನ್ರಿ."

ಸಮಾಧಾನಕ್ಕೆಂದು ಆಡಿದ ಆ ಮಾತಿಗೆ ಚಿಗವ್ವ ಸಿಡಿದ ರೀತಿಯನ್ನು ನಾನು ಮರೆಯಲಾರೆ. "ಕುಡೀತಾಳಂತ! ಯಾರ ಕೊಟ್ರೂ ಕುಡಿಯೂದ ಏನ ಬೇ? ಎಲ್ಲೀದು, ಯಾವಾಗ ತುಂಬೀದ್ದು, ಕುದಿಸೀರೋ ಇಲ್ಲೋ ಅಂತ ಕೇಳಾಕ ಬಾಯಿಲ್ಲೇನ ನಿನಗ? ಕೇಳು! ಮೊದಲ ನನ್ನ ಕೇಳು!"

ರಂಜನಾ ತಲೆ ತಗ್ಗಿಸಿ, ನೆಲ ನೋಡುತ್ತ ಕೇಳಿದಳು: "ಎಲ್ಲೀದ್ರಿ ನೀರ?"

"ಟ್ಯಾಂಕರಿಂದು. ಕುದಿಸೇನಿ," ಎಂದು ಚಿಗವ್ವ ಎದ್ದಳು. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಕೊಡುವವರ ಕುಲವೊಂದು ನಮ್ಮ ನಡುವೆ ಇದೆ. ಕೊಡುತ್ತಿರುವಷ್ಟು ದಿನ ಅವರನ್ನು ತಾಯಿ ಎನ್ನುತ್ತೇವೆ. ಅವರು ಕೊಟ್ಟದ್ದರೊಳಗೆ ನಾವು ಬೆರೆಸಿದ್ದನ್ನು ಎತ್ತಿ ತೋರಿಸಿದ ದಿನ ತಲೆಕೆಟ್ಟವಳು ಎನ್ನುತ್ತೇವೆ. ಅವರ ಔದಾರ್ಯವನ್ನು ನೆಲದಂತೆ ಬಗೆದು, ಏನು ಸುರಿದರೂ ಇಂಗುತ್ತದೆ ಎಂದು ನಂಬಿರುತ್ತೇವೆ. ಇಂಥವರು ತಮಗಾದ ಅನ್ಯಾಯವನ್ನು ಕ್ಷಮಿಸಿಯಾರು. ತಮ್ಮ ಕೈಯಿಂದಲೇ ಮಾಡಿಸಿದ ಅನ್ಯಾಯವನ್ನು ಅವರು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು.