ಸೋಗೆಮ್ಮನ ಮರೆ

ಏಳು ಸಮುದ್ರ ದಾಟಿಯೇನೂ ಹೋಗಬೇಕಾಗಿಲ್ಲ, ಬಸರಾಳಿನಿಂದ ಕೂಗಳತೆ ದೂರದಲ್ಲೇ ಒಂದು ರಾಜ್ಯವಿತ್ತು. ಜವರಯ್ಯನವರ ಕಬ್ಬಿನ ಗದ್ದೆಯ ಪಕ್ಕ, ನಾಲೆ ಏರಿಯ ಕೆಳಗೆ, ನೀಲಿ ಟಾರ್ಪಾಲಿನ ಅರಮನೆಗಳು. ಕಬ್ಬು ಕಡಿಯಲು ಕೂಡ್ಲಿಗಿ ಕಡೆಯಿಂದ ಬಂದವರವು. ಒಂದೊಂದರಲ್ಲೂ ಒಬ್ಬೊಬ್ಬ ಯುವರಾಜ.

ಹುಲಿಗೆಮ್ಮನ ಅರಮನೆಯ ಯುವರಾಜನ ಹೆಸರು ಯಮನೂರ, ಅವಳಣ್ಣ. ಅವನ ರಾಜಕಾರ್ಯಗಳೋ ಒಂದೆರಡಲ್ಲ. ಬಿಸಿಲು ಮುಖಕ್ಕೆ ಹೊಡೆದ ಮೇಲೆ ಏಳಬೇಕು, ನಾಲೆಯಲ್ಲಿ ಈಜಬೇಕು, ಏಡಿ ಹಿಡಿಯಬೇಕು, ಕಬ್ಬು ತುಂಬಿದ ಟ್ರ್ಯಾಕ್ಟರ್ ಮೇಲೆ ಕೂತು ಕಾರ್ಖಾನೆ ಗೇಟಿನವರೆಗೆ ಮೆರವಣಿಗೆ ಹೋಗಿ ಬರಬೇಕು. ಇಷ್ಟೆಲ್ಲ ದಣಿದವನಿಗೆ ರೊಟ್ಟಿ ತಟ್ಟುವುದು, ಅವನ ಅಂಗಿ ಒಗೆಯುವುದು, ನೀರು ಹೊರುವುದು, ಕಂಕುಳಲ್ಲಿ ಅವ್ವನ ಕೂಸನ್ನಿಟ್ಟುಕೊಂಡೇ ಕಬ್ಬಿನ ಸೋಗೆಯ ಹೊರೆ ಕಟ್ಟುವುದು, ಇವೆಲ್ಲ ಕೆಲಸ ಅನ್ನಿಸಿಕೊಳ್ಳುವಂಥವಲ್ಲ. ಹನ್ನೆರಡು ವರ್ಷದ ಹುಲಿಗೆಮ್ಮ ಸುಮ್ಮನೆ ಕೂತಿರುವ ಬದಲು ಮಾಡುತ್ತಿದ್ದಳು, ಅಷ್ಟೆ.

ಯುವರಾಜರಿಗೆ ಬಹಿರ್ದೆಸೆಗೆ ಇಡೀ ರಾಜ್ಯವೇ ಇತ್ತು. ಏರಿ ಮೇಲೆ ನಿಂತರೂ ಆಯಿತು, ಬೇಲಿ ಪಕ್ಕ ಕೂತರೂ ಆಯಿತು. ಹೆಣ್ಣುಮಕ್ಕಳಿಗೆ ಇದ್ದದ್ದು ಒಂದೇ ಮರೆ, ಆಳೆತ್ತರ ಬೆಳೆದ ಕಬ್ಬು. ಅದನ್ನು ಕಡಿಯುವವರೋ ಅವರ ಅಪ್ಪ ಅವ್ವಂದಿರೇ. ಅಪ್ಪ ಅವ್ವ ಚುರುಕಾಗಿ ದುಡಿದಷ್ಟೂ ಮಗಳ ಮಾನ ಬಯಲಿಗೆ ಬೀಳುತ್ತಿತ್ತು.

ಮೇಸ್ತ್ರಿ ಗಾದಿಲಿಂಗಪ್ಪ ಗುಡಿಸಲ ಕಡೆಯಿಂದಲೇ ಕಡಿತ ಶುರು ಮಾಡಿಸಿದ್ದ, ಟ್ರ್ಯಾಕ್ಟರಿಗೆ ಹತ್ತಿರವೆಂದು. ಈಗ ಗುಡಿಸಲ ಬಳಿ ಉಳಿದದ್ದು ಒಂದು ಮೂಲೆಯ ಕಬ್ಬು ಮಾತ್ರ. ನಾಳೆ ಅದೂ ಹೋದರೆ ಹುಡುಗಿಯರು ಗದ್ದೆಯ ಆ ತುದಿಗೆ, ಡಾಬಾದ ದೀಪ ಬೀಳುವ ಕಡೆಗೆ ಹೋಗಬೇಕು. ಅಲ್ಲಿ ಲಾರಿಯವರು ಮೊಬೈಲು ಹಿಡಿದು ಕೂತಿರುತ್ತಾರೆ.

"ಮಾವಾ, ಈ ಮೂಲಿ ಒಂದ್ ಬಿಡ್ರಿ," ಹುಲಿಗೆಮ್ಮ ಮೇಸ್ತ್ರಿಯನ್ನು ಕೇಳಿದಳು.

"ಯಾಕಬೇ?"

ಯಾಕೆಂದು ಗಂಡಸಿಗೆ ಹೇಗೆ ಹೇಳುವುದು? ಯಮನೂರ ಕಿಸಕ್ಕೆಂದು ನಕ್ಕು ಅವಳ ಪರವಾಗಿ ಉತ್ತರಿಸಿದ: "ಇವಕ್ಕ ಮುಂಜಾನೆ ಎದ್ದು ದೂರ ನಡಿಯಾಕ ಬ್ಯಾಸರ ಮಾವಾ."

"ನಡೀರಬೇ, ಮೈಗೆ ಒಳ್ಳೇದು," ಎಂದ ಮೇಸ್ತ್ರಿ.

ಈ ಗಂಡಸರು ಯಾವ ಹೆಣ್ಣಿನ ಮಾತು ಕೇಳುತ್ತಾರೆ? ಹುಲಿಗೆಮ್ಮ ಯೋಚಿಸಿದಳು. ಹೆಂಡತಿಯದಲ್ಲ, ಮಗಳದಂತೂ ಅಲ್ಲವೇ ಅಲ್ಲ. ಕಲ್ಲಾಗಿ ಕೂತವಳದಾದರೆ ಕೇಳುತ್ತಾರೆ. ಸಂಜೆ ನಾಲೆಯಿಂದ ಒಂದು ನುಣುಪು ಕಲ್ಲು ತಂದಳು. ಅವ್ವನ ಡಬ್ಬಿಯಿಂದ ಅರಿಸಿನ ಕುಂಕುಮ ಕದ್ದು ಬಳಿದಳು. ಮೂಲೆಯ ಕಬ್ಬಿನ ಬಾಯಲ್ಲಿ ನೆಟ್ಟಳು.

ಬೆಳಿಗ್ಗೆ ಗಂಡಸರು ಮಚ್ಚು ಹಿಡಿದು ಬಂದಾಗ ಕೂಸನ್ನು ಎದೆಗವಚಿಕೊಂಡು ಕಿಟಾರನೆ ಕಿರುಚಿದಳು: "ಒಳಗ ಸೋಗೆಮ್ಮ ಅದಾಳ! ಕನಸಿನ್ಯಾಗ ಬಂದಿದ್ಲು! ಗಂಡುಸ್ರು ಕಾಲಿಟ್ರ ಕಣ್ಣು ಹೋಗ್ತಾವಂತ!"

ನಿನ್ನೆ 'ನಡೀರಬೇ' ಎಂದಿದ್ದ ಮೇಸ್ತ್ರಿ ಮಚ್ಚು ಕೆಳಗಿಟ್ಟು ಗಲ್ಲ ಗಲ್ಲ ಬಡಿದುಕೊಂಡ.

ತಮ್ಮ ಗದ್ದೆಯಲ್ಲೇ ದೇವಿ ಹುಟ್ಟಿದ್ದಾಳೆಂದರೆ ಜವರಯ್ಯನವರು ಮನೆಯಲ್ಲಿ ಕೂತಾರೆಯೇ? ಹೆಂಡತಿ ಮಾಯಮ್ಮನನ್ನೂ ತೆಂಗಿನಕಾಯಿಯನ್ನೂ ಬೈಕಿಗೆ ಹೇರಿಕೊಂಡು ಬಂದೇಬಿಟ್ಟರು.

"ಲೇ ಗಾದಿಲಿಂಗ, ಈ ಕಬ್ಬೆಲ್ಲ ಸವರ್ಸ್‌ಬುಡ್ಲಾ. ಅವ್ವನ್ಗೆ ಗಾಳಿ ಬೆಳಕು ಬ್ಯಾಡ್ವಾ? ಸಿಮೆಂಟ್ ಕಟ್ಟೆ ಕಟ್ಟುಸ್ತೀನಿ."

ಹುಲಿಗೆಮ್ಮ ಕಬ್ಬಿಗೆ ಅಡ್ಡ ನಿಂತಳು. ಮರೆ ಉಳಿಸಲೆಂದು ಹುಟ್ಟಿಸಿದ ದೇವಿಯೇ ಮರೆ ತೆಗೆಸುವಂತಾಯಿತಲ್ಲ! "ಗೌಡ್ರೇ, ಗಂಡುಸ್ರು ಹೋಗಂಗಿಲ್ರೀ..."

"ಅಂಗಾರೆ ನೀನೇ ಓಗಿ ನೋಡ್ಕಂಡ್ ಬಾ," ಜವರಯ್ಯ ಹೆಂಡತಿಗೆ ಹೇಳಿದರು. "ಹುತ್ತ ಗಿತ್ತ ಏನೂ ಇಲ್ದಿದ್ರೆ ಈಗ್ಲೇ ಕಡುಸ್ತೀನಿ."

ಮಾಯಮ್ಮ ಆರತಿ ತಟ್ಟೆ ಹಿಡಿದು, ಸೆರಗು ಹೊದ್ದು, ಭಕ್ತಿಯಿಂದ ಒಳಗೆ ನಡೆದರು. ಹುಲಿಗೆಮ್ಮ ಹಿಂದೆಯೇ ನುಗ್ಗಿದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದೇವಿಯ ಮಹಿಮೆ ಮಾಯಮ್ಮನ ಮೂಗಿಗೆ ಬಡಿಯಿತು. ನಿಂತರು. ಕೆಳಗೆ ನೋಡಿದರು. ಸೀರೆಯ ನೆರಿಗೆ ಮೇಲೆತ್ತಿಕೊಂಡರು.

"ಇದೇನಮ್ಮೀ, ಇದಾ ನಿನ್ ದ್ಯಾವ್ರು?"

"ಅಮ್ಮಾರೇ, ಆ ತುದಿಗೆ ಡಾಬಾ ಐತ್ರೀ. ಬೆಳಕು ಬೀಳ್ತತಿ. ಲಾರಿಯವ್ರು ಫೋನ್ ಹಿಡೀತಾರ." ಹುಲಿಗೆಮ್ಮ ಆ ಕಡೆ ಕೈ ತೋರಿಸಿದಳು. "ಇದನ್ನ ಕಡದ್ರ ನಾವು ಎಲ್ಲಿ ಹೋಗೂದ್ರೀ?"

ಮಾಯಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಮ್ಮನೇಲೂ ಮೊದ್ಲು ಬೈಕು ಬಂತು, ಆಮ್ಯಾಕೆ ಟೀವಿ ಬಂತು, ಎಲ್ಲಾ ಬಂದ್‌ಮ್ಯಾಲಲ್ವಾ ಕಕ್ಕಸ್ಸು ಬಂದಿದ್ದು," ಎಂದು ಗೊಣಗಿ ಹಿಂದಕ್ಕೆ ತಿರುಗಿದರು.

ಹೊರಗೆ ಬಂದಾಗ ಅವರ ಮುಖದಲ್ಲಿ ಅದೆಂಥ ಕಳೆ! ಕಲ್ಲಿಗೆ ಕರ್ಪೂರ ಬೆಳಗಿ ಉಸಿರು ಬಿಟ್ಟರು. "ಅವ್ಳೆ ಕಣ್ರೀ. ಸಾಕ್ಷಾತ್ ಅವ್ಳೆ. ಅಬ್ಬಾ, ಏನ್ ಉಗ್ರ! ನಿಲ್ಲಕಾಗ್ಲಿಲ್ಲ."

"ಕಟ್ಟೆ?"

"ಕಟ್ಟೆ ಗಿಟ್ಟೆ ಅಂದ್ರೆ ನಿಮ್ ಮನೆ ಉಳಿಯಾಕಿಲ್ಲ. ಈ ಜನ ಗುಡ್ಲು ಕೀಳೋ ಗಂಟ ಒಂದ್ ಕಬ್ಬೂ ಮುಟ್ಟಂಗಿಲ್ಲ. ಇನ್ನೊಂದ್ ಮಾತು." ಮಾಯಮ್ಮನ ಕಣ್ಣು ಯುವರಾಜರ ಸಾಲಿನ ಮೇಲೆ ಹರಿಯಿತು. "ದಿನಾ ಒತ್ತಾರೆ ಗಂಡುಡುಗ್ರೇ ನಾಲೆಯಿಂದ ನೀರು ಒತ್ಕಂಡು ಬಂದು ಇಲ್ಲಿ ಮಡಗ್ಬೇಕಂತೆ. ಮಡಗಿ, ತಿರುಗಿ ನೋಡ್ದಂಗೆ ಓಗ್ಬೇಕಂತೆ."

"ಅಷ್ಟೆಲ್ಲಾ ಯೋಳುದ್ಲಾ?" ಜವರಯ್ಯ ಕೈ ಮುಗಿದರು.

"ಇನ್ನೂ ಯೋಳೋಳು. ನಾನೇ ಮೂಗು ಮುಚ್ಕಂಡು ಬಂದ್‌ಬುಟ್ಟೆ."

ಮಾರನೆಯ ನಸುಕಿಗೆ ಯಮನೂರ, ಉಂಡ ತಟ್ಟೆಯನ್ನೂ ಎತ್ತಿ ಗೊತ್ತಿಲ್ಲದ ಯಮನೂರ, ಮಿಂದು, ಹಣೆ ತುಂಬ ವಿಭೂತಿ ಬಳಿದು, ತಲೆ ಮೇಲೆ ಕೊಡ ಹೊತ್ತು ಬಂದ. ಅರ್ಧ ನೀರು ಅವನ ಮೈಮೇಲೇ ಇತ್ತು. ಕುತ್ತಿಗೆ ಓರೆಯಾಗಿತ್ತು. ದೇವರ ಕೆಲಸ ಎಷ್ಟು ಕಷ್ಟದ್ದೆಂದು ಅವನಿಗೆ ಅಂದೇ ತಿಳಿದದ್ದು. ಕೊಡ ಇಳಿಸಿ, ಕಣ್ಣು ಮುಚ್ಚಿ ಕೈ ಮುಗಿದ.

"ತಾಯೀ ಸೋಗೆಮ್ಮ, ನೀರು ಇಟ್ಟೀನವ್ವ. ನನಗೊಂದು ಸೈಕಲ್ ಕೊಡ್ಸು."

ಒಳಗೆ ನಿಶ್ಚಿಂತೆಯಿಂದ ಕೂತಿದ್ದ ಹುಲಿಗೆಮ್ಮ ನಗು ತಡೆಯಲು ಸೆರಗಿಲ್ಲದೆ ಸೋಗೆಯನ್ನೇ ಕಚ್ಚಿಕೊಂಡಳು. ಆಮೇಲೆ ಸಾವಿರ ವರ್ಷದ ಮುದುಕಿಯಂತೆ ಮೂಗಿನಲ್ಲಿ ರಾಗ ಎಳೆದಳು:

"ಒಂದು ಕೊಡ ಸಾಲಂಗಿಲ್ಲಾ... ಇನ್ನೊಂದು ತಾ."

ಯುವರಾಜ ಕೊಡ ಎತ್ತಿಕೊಂಡು ನಾಲೆಯ ಕಡೆಗೆ ಓಡಿದ.